ನಿಪ್ಪಾಣಿಯ ಹೆಂಗಸರು ಮತ್ತು ನಾವು ನೋಡಬೇಕಾದ ಕೆಲವು ಸಾಕ್ಷ್ಯಚಿತ್ರಗಳು

ಅಂತಿಮ ವರ್ಷದ ಪ್ರಾಜೆಕ್ಟಿಗೆಂದು ನಾವು ಐದು ಜನ ಸೇರಿ ಒಂದು ಸಾಕ್ಷ್ಯಚಿತ್ರ ಮಾಡಿದ್ದೆವು. ಕಾಲೇಜಿನಿಂದ ಎರಡು ಬಸ್ಸು ಬದಲಿಸಿ ಹೋಗುವ ಊರು. ವಿಷಯ, ಬೀಡಿ ಕಟ್ಟುವ ಹೆಂಗಸರು. ಎರಡು ದಿನ ಶೂಟಿಂಗ್, ಒಂದು ವಾರ ಎಡಿಟಿಂಗ್, ಹನ್ನೆರಡು ನಿಮಿಷದ ಚಿತ್ರ. ಅದರಲ್ಲಿ ಆ ಹೆಂಗಸರು ಮಾತಾಡಿದ್ದು ಎರಡು ನಿಮಿಷ ಇರಬಹುದು. ಉಳಿದದ್ದೆಲ್ಲ ನಮ್ಮದೇ ನಿರೂಪಣೆ, ಬೀಡಿ ಸುತ್ತುವ ಬೆರಳುಗಳ ಕ್ಲೋಸಪ್, ಹಿನ್ನೆಲೆಯಲ್ಲಿ ಕೊಳಲು. ಒಳ್ಳೆಯ ಅಂಕ ಬಂತು.

ಶೂಟಿಂಗ್ ಮುಗಿಸಿ ಹೊರಡುವಾಗ ಒಬ್ಬ ಅಜ್ಜಿ ಮಡಿಲಲ್ಲಿದ್ದ ಗೆರಸೆಯನ್ನು ಪಕ್ಕಕ್ಕಿಟ್ಟು ಕೇಳಿದ್ದರು: "ಇದನ್ನು ನಮಗೆ ಯಾವಾಗ ತೋರಿಸ್ತೀರಿ ಮಕ್ಕಳೇ?" ಮುಂದಿನ ತಿಂಗಳು ಅಜ್ಜಿ ಎಂದಿದ್ದೆವು. ಆ ಮುಂದಿನ ತಿಂಗಳು ಬರಲೇ ಇಲ್ಲ.

ಈ ಮಾತು ಮತ್ತೆ ನೆನಪಾದದ್ದು ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಚಿತ್ರಿಸಿದ ಒಂದು ಹಳೆಯ ಸಾಕ್ಷ್ಯಚಿತ್ರ ನೋಡಿದಾಗ. ಅದರ ಬಗ್ಗೆ ಬರೆಯಬೇಕು. ಅದಕ್ಕೂ ಮೊದಲು, ನಮಗೆಲ್ಲ ಈ 'ಮೇಲಿನಿಂದ ಹೇಳುವ' ಚಾಳಿ ಎಲ್ಲಿಂದ ಬಂತು ಎಂದು ಸ್ವಲ್ಪ ಹಿಂದೆ ಹೋಗಿ ನೋಡೋಣ.

ನಮ್ಮ ಅಪ್ಪ ಅಮ್ಮಂದಿರನ್ನು ಕೇಳಿ ನೋಡಿ, ಟೆಂಟ್ ಸಿನಿಮಾದ ಕಾಲದ ನ್ಯೂಸ್ ರೀಲು ಅವರಿಗೆ ನೆನಪಿರುತ್ತದೆ. ರಾಜಕುಮಾರ್ ಪರದೆಯ ಮೇಲೆ ಬರುವ ಮೊದಲು ಅಣೆಕಟ್ಟೆ, ನೆರೆ ಪರಿಹಾರ, ಮಂತ್ರಿಗಳ ಭಾಷಣ ಬಂದು ಹೋಗುತ್ತಿದ್ದವು. ಅದು ಮುಗಿಯುವವರೆಗೆ ಹೊರಗೆ ನಿಂತು ಬೀಡಿ ಸೇದುವವರೂ ಇದ್ದರಂತೆ. ಈ ವ್ಯವಸ್ಥೆಯ ಬೇರು ಬ್ರಿಟಿಷರ ಕಾಲದ್ದು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಸರ್ಕಾರ 'ಇನ್ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ' ಎಂಬ ಘಟಕ ಕಟ್ಟಿತು. ಯುದ್ಧದ ಪರ ಪ್ರಚಾರವೇ ಅದರ ಕೆಲಸ. ಅದರ ಚಿತ್ರಗಳನ್ನು ಚಿತ್ರಮಂದಿರಗಳು ತೋರಿಸಲೇಬೇಕೆಂದು ನಿಯಮವೂ ಬಂತು. ಯುದ್ಧ ಮುಗಿದ ಮೇಲೆ ಅದು ಮುಚ್ಚಿತು. ಸ್ವತಂತ್ರ ಭಾರತ 1948ರಲ್ಲಿ ಫಿಲ್ಮ್ಸ್ ಡಿವಿಷನ್ ಆರಂಭಿಸಿದಾಗ ಹಳೆಯ ನಿಯಮವೂ ಹೊಸ ವೇಷದಲ್ಲಿ ಮರಳಿತು. ಪ್ರತಿ ಪ್ರದರ್ಶನಕ್ಕೆ ಮೊದಲು ಸರ್ಕಾರ ಒಪ್ಪಿದ ಚಿತ್ರ ತೋರಿಸಬೇಕು, ಅದಕ್ಕೆ ಥಿಯೇಟರಿನವರೇ ಬಾಡಿಗೆಯನ್ನೂ ಕೊಡಬೇಕು.

ಪರಿಣಾಮ ಏನಾಯಿತೆಂದರೆ, ದಶಕಗಳ ಕಾಲ ನಮ್ಮ ಹಳ್ಳಿಯ ಜನ ನೋಡಿದ ಸಾಕ್ಷ್ಯಚಿತ್ರ ಎಂದರೆ ಅದೊಂದೇ. ಗದ್ದೆಯಲ್ಲಿ ರೈತ ನಿಂತಿರುತ್ತಾನೆ, ಅವನ ಬಗ್ಗೆ ಮುಖ ಕಾಣದ ಒಬ್ಬ ಗಂಡಸು ಗಂಭೀರ ದನಿಯಲ್ಲಿ ಹೇಳುತ್ತಿರುತ್ತಾನೆ. ರೈತ ಬಾಯಿ ಬಿಡುವುದಿಲ್ಲ. ನಮ್ಮ ಹನ್ನೆರಡು ನಿಮಿಷದ ಚಿತ್ರ ಇದೇ ವಂಶದ್ದು!

ಹಾಗೆಂದು ಫಿಲ್ಮ್ಸ್ ಡಿವಿಷನ್ ಮಾಡಿದ್ದೆಲ್ಲ ಪ್ರಚಾರ ಎಂದರೆ ತಪ್ಪಾದೀತು. 1967ರಲ್ಲಿ ಎಸ್.ಎನ್.ಎಸ್. ಶಾಸ್ತ್ರಿ ಮಾಡಿದ 'ಐ ಆ್ಯಮ್ 20' ನೋಡಿ. ದೇಶದ ಜೊತೆಗೇ 1947ರಲ್ಲಿ ಹುಟ್ಟಿದ ಯುವಕ ಯುವತಿಯರನ್ನು ಊರೂರಲ್ಲಿ ಹುಡುಕಿ, ನಿಮಗೇನನ್ನಿಸುತ್ತದೆ ಎಂದು ಕೇಳಿದ ಚಿತ್ರ. ಕೆಲವರಲ್ಲಿ ಕನಸಿದೆ, ಕೆಲವರಲ್ಲಿ ಕಹಿ. ಸರ್ಕಾರದ ದುಡ್ಡಿನಲ್ಲಿ ಮಾಡಿದ ಚಿತ್ರದಲ್ಲೇ ದೇಶದ ಬಗ್ಗೆ ನಂಬಿಕೆ ಕಳೆದುಕೊಂಡವರ ಮಾತೂ ಉಳಿದುಕೊಂಡಿದೆ. ಇಪ್ಪತ್ತು ನಿಮಿಷವೂ ಇಲ್ಲದ ಚಿತ್ರ, ಊಟದ ಬಿಡುವಿನಲ್ಲಿ ನೋಡಿ ಮುಗಿಸಬಹುದು.

ಈಗ ನಿಪ್ಪಾಣಿಗೆ ಬರೋಣ.

1980ರ ದಶಕದ ಆರಂಭದ ಕರ್ನಾಟಕ ಎಂದರೆ ನಮ್ಮ ತರಗತಿಯಲ್ಲಿ ಪಾಠವಾದದ್ದು ರೈತ ಚಳವಳಿ. 1980ರ ಜುಲೈನಲ್ಲಿ ನರಗುಂದ, ನವಲಗುಂದದ ಬಂಡಾಯ ಮತ್ತು ಗೋಲಿಬಾರ್. 1981ರ ಮಾರ್ಚ್, ಏಪ್ರಿಲ್‌ನಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆಗಾಗಿ ಶರದ್ ಜೋಶಿಯವರ ನಾಯಕತ್ವದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲೇ ಕುಳಿತದ್ದು, ಅಲ್ಲೂ ಗುಂಡು ಹಾರಿದ್ದು, ರೈತರು ಸತ್ತದ್ದು. ಇವೆಲ್ಲ ನೆನಪಿನಲ್ಲಿ ಉಳಿಯಬೇಕಾದ ಘಟನೆಗಳೇ. ಆದರೆ ಅದೇ ನಿಪ್ಪಾಣಿಯಲ್ಲಿ, ಅದೇ ವರ್ಷಗಳಲ್ಲಿ, ಅದೇ ತಂಬಾಕಿನ ಸುತ್ತ ಇನ್ನೊಂದು ಹೋರಾಟ ನಡೆದಿತ್ತು. ಹೊಲದಿಂದ ಬಂದ ತಂಬಾಕನ್ನು ಕುಟ್ಟಿ, ಜರಡಿ ಹಿಡಿದು, ಬೀಡಿಗೆ ತಕ್ಕಂತೆ ಹದ ಮಾಡುವ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು ಹೆಂಗಸರು. ಬೀಡಿ ಕಾರ್ಮಿಕರಿಗಾಗಿ 1966ರಲ್ಲೇ ಕಾಯ್ದೆ ಬಂದಿತ್ತು. ಕಾಯ್ದೆ ಕಾಗದದಲ್ಲಿತ್ತು, ಹೆಂಗಸರು ಧೂಳಿನಲ್ಲಿದ್ದರು. ಅವರು ಸಂಘ ಕಟ್ಟಿದರು, ಮುಷ್ಕರ ಹೂಡಿದರು. ನಮ್ಮ ಪಾಠದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ಸಾಲು ಸಿಕ್ಕಿದ್ದು 1982ರ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಚಿತ್ರದಲ್ಲಿ. ಹೆಸರು ಮರಾಠಿ, ಗಡಿಯ ಊರಾದ್ದರಿಂದ ಅದು ಸಹಜ. ಇಂಗ್ಲಿಷಿನಲ್ಲಿ ಅದನ್ನು 'ಟೊಬ್ಯಾಕೊ ಎಂಬರ್ಸ್' ಎನ್ನುತ್ತಾರೆ, ಅಂದರೆ ತಂಬಾಕಿನ ಕೆಂಡ. ಮಾಡಿದವರು 'ಯುಗಾಂತರ್' ಎಂಬ ಪುಟ್ಟ ತಂಡ. 1980ರಲ್ಲಿ ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಸೇರಿ ಕಟ್ಟಿದ್ದು. ನವ್ರೋಜ್ ಅದಕ್ಕೂ ಮೊದಲೇ ಮಣಿ ಕೌಲ್ ಅವರ 'ದುವಿಧಾ'ಕ್ಕೆ ಕ್ಯಾಮೆರಾ ಹಿಡಿದಿದ್ದವರು.

ಚಿತ್ರ ಅರ್ಧ ಗಂಟೆಯೂ ಇಲ್ಲ, ಕಪ್ಪು ಬಿಳುಪು. ಆದರೆ ಅದನ್ನು ಮಾಡಿದ ರೀತಿ ನಮ್ಮನ್ನು ಬೆಚ್ಚಿಸಿತು. ತಂಡದವರು ಕ್ಯಾಮೆರಾ ಹಿಡಿದು ನೇರ ಕಾರ್ಖಾನೆಗೆ ನುಗ್ಗಲಿಲ್ಲ. ತಿಂಗಳುಗಟ್ಟಲೆ ಆ ಹೆಂಗಸರ ಜೊತೆ ಕುಳಿತು ಕೇಳಿದರು. ಧೂಳು, ಕೂಲಿ, ಮೇಲಿನವರ ಕಿರುಕುಳ, ಸಂಘ ಕಟ್ಟಿದ ಕಥೆ, ಎಲ್ಲ ಆ ಮಾತುಕತೆಯಿಂದಲೇ ಬಂತು. ಯಾವುದನ್ನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದರಲ್ಲೂ ಹೆಂಗಸರ ಪಾಲಿತ್ತು. ಮುಷ್ಕರ ಶುರುವಾದ ಗಳಿಗೆಯನ್ನು ಅವರೇ ಮತ್ತೆ ಅಭಿನಯಿಸಿ ತೋರಿಸಿದ್ದಾರೆ.

ಅಭಿನಯ ಇದ್ದರೆ ಅದು ಸಾಕ್ಷ್ಯ ಹೇಗಾದೀತು? ನಮ್ಮಲ್ಲೂ ಈ ಜಗಳ ನಡೆಯಿತು. ಒಬ್ಬಳು ಹೇಳಿದ ಮಾತಿಗೆ ಉಳಿದವರು ಸುಮ್ಮನಾದೆವು: "ಮುಷ್ಕರದ ದಿನ ಅಲ್ಲಿ ಯಾವ ಪೇಪರಿನವನ ಕ್ಯಾಮೆರಾ ಇತ್ತು? ಇಲ್ಲದಿದ್ದರೆ, ನಡೆಸಿದವರೇ ನಡೆಸಿ ತೋರಿಸುವುದಕ್ಕಿಂತ ದೊಡ್ಡ ಸಾಕ್ಷಿ ಯಾವುದು?" ಪೊಲೀಸ್ ಠಾಣೆಯ ಡೈರಿ, ಮಾಲೀಕರ ಮಸ್ಟರ್ ರೋಲ್ ಮಾತ್ರ ದಾಖಲೆ ಎಂದುಕೊಂಡರೆ, ಬರೆಯಲು ಬಾರದವರ ಚರಿತ್ರೆ ಎಂದೂ ದಾಖಲೆಯಾಗುವುದಿಲ್ಲ. ಆ ಹೆಂಗಸರು ಹೆಬ್ಬೆಟ್ಟಿನ ಬದಲು ತಮ್ಮ ಮೈ ಮಾತನ್ನೇ ಒತ್ತಿ ಹೋಗಿದ್ದಾರೆ.

ಇನ್ನೊಂದು ವಿಷಯ. ಯುಗಾಂತರ್ ತಂಡ ಮಾಡಿದ ಚಿತ್ರಗಳನ್ನು ಜನರ ನಡುವೆ ಒಯ್ದು, ತೋರಿಸಿ, ಆಮೇಲೆ ಕೂತು ಚರ್ಚಿಸುತ್ತಿತ್ತು. ಪುಣೆಯ ಮನೆಗೆಲಸದ ಹೆಂಗಸರ ಬಗೆಗಿನ ಅವರ 'ಮೋಲ್ಕರಿಣ್' (1981) ಕೂಡ ಹಾಗೆಯೇ ಓಡಾಡಿದ ಚಿತ್ರ. 16 ಎಂ.ಎಂ. ಪ್ರೊಜೆಕ್ಟರು, ರೀಲಿನ ಡಬ್ಬಿ ಹೊತ್ತು ತಿರುಗುವುದು ಸುಲಭದ ಕೆಲಸವಲ್ಲ. ನಮ್ಮ ಬಳಿ ಇದ್ದದ್ದು ಒಂದು ಪೆನ್‌ಡ್ರೈವ್. ಅದನ್ನೂ ಒಯ್ಯಲಿಲ್ಲ.

ಯುಗಾಂತರ್ 1983ರವರೆಗೆ ನಾಲ್ಕು ಚಿತ್ರ ಮಾಡಿ ನಿಂತಿತು. ಚಿತ್ರಗಳು ಬಹುಕಾಲ ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು. ಕೊನೆಗೆ ಅವು ಡಿಜಿಟಲ್ ರೂಪ ಪಡೆದು ಮತ್ತೆ ಜನರ ಮುಂದೆ ಬಂದದ್ದು ಬರ್ಲಿನ್‌ನ ಆರ್ಸೆನಲ್ ಎಂಬ ಸಿನಿಮಾ ಸಂಸ್ಥೆಯ ನೆರವಿನಿಂದ. ಬೆಳಗಾವಿ ಜಿಲ್ಲೆಯ ಕೂಲಿ ಹೆಂಗಸರ ಚರಿತ್ರೆಯನ್ನು ಉಳಿಸಲು ಜರ್ಮನಿಯವರು ಕೈಜೋಡಿಸಬೇಕಾಯಿತು. ಅವರಿಗೆ ಕೃತಜ್ಞತೆ ಹೇಳುತ್ತಲೇ, ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಇಂಥದ್ದನ್ನು ಇಡಲು ಒಂದು ಕಪಾಟೂ ಏಕಿಲ್ಲ ಎಂದು ಕೇಳಿಕೊಳ್ಳಬೇಕು.

ದೀಪಾ ಧನರಾಜ್ ಮುಂದೆ 1991ರಲ್ಲಿ ಮಾಡಿದ 'ಸಮ್‌ಥಿಂಗ್ ಲೈಕ್ ಎ ವಾರ್' ಚಿತ್ರವನ್ನೂ ಇದರ ಜೊತೆಗೆ ನೋಡಿ. ವಿಷಯ ಕುಟುಂಬ ಯೋಜನೆ. ಫಿಲ್ಮ್ಸ್ ಡಿವಿಷನ್ ಇದೇ ವಿಷಯದ ಮೇಲೆ ವರ್ಷಗಟ್ಟಲೆ ಚಿತ್ರ ಮಾಡಿ ಊರೂರಿಗೆ ಕಳಿಸಿತ್ತು. ಈ ಚಿತ್ರ ಆಪರೇಷನ್ ಶಿಬಿರದ ಒಳಗೆ ಹೋಗುತ್ತದೆ. ಸಾಲಾಗಿ ಮಲಗಿಸಿದ ಹೆಂಗಸರು, ಗುರಿ ಮುಟ್ಟುವ ಅವಸರ. ಮತ್ತೊಂದು ಕಡೆ ಹೆಂಗಸರು ಗುಂಪಾಗಿ ಕುಳಿತು ತಮ್ಮ ದೇಹದ ಬಗ್ಗೆ ನಗುತ್ತಾ, ನಾಚುತ್ತಾ ಮಾತಾಡುತ್ತಾರೆ. ಶಿಬಿರದ ದೃಶ್ಯ ನೋಡಿದ ಮೇಲೆ 'ಗುರಿ ಸಾಧನೆ' ಎಂಬ ಪತ್ರಿಕಾ ಪ್ರಕಟಣೆಯನ್ನು ಹಾಗೆಯೇ ಟೈಪ್ ಮಾಡಿ ಕಳಿಸಲು ನಮ್ಮ ಕೈ ಬರುವುದಿಲ್ಲ.

ನಮ್ಮದೇ ವೃತ್ತಿಯ ಬಗ್ಗೆ ಎರಡು ಚಿತ್ರ ಹೇಳಿ ಮುಗಿಸುತ್ತೇವೆ. 2009ರ 'ನೀರೋಸ್ ಗೆಸ್ಟ್ಸ್' ಪಿ. ಸಾಯಿನಾಥ್ ಅವರ ಬೆನ್ನು ಹತ್ತಿ ವಿದರ್ಭದ ರೈತರ ಮನೆಗಳಿಗೆ ಹೋಗುತ್ತದೆ, ನಿರ್ದೇಶನ ದೀಪಾ ಭಾಟಿಯಾ. 2021ರ 'ರೈಟಿಂಗ್ ವಿತ್ ಫೈರ್' ಉತ್ತರ ಪ್ರದೇಶದ 'ಖಬರ್ ಲಹರಿಯಾ'ದ ದಲಿತ ಪತ್ರಕರ್ತೆಯರದ್ದು, ನಿರ್ದೇಶನ ರಿಂತು ಥಾಮಸ್ ಮತ್ತು ಸುಷ್ಮಿತ್ ಘೋಷ್. ಮುದ್ರಣದಿಂದ ಮೊಬೈಲಿಗೆ ಬದಲಾಗುವ ಆ ಹೆಂಗಸರನ್ನು ನೋಡುವುದೇ ಒಂದು ಪಾಠ. ಚಿತ್ರ ಆಸ್ಕರ್ ಅಂತಿಮ ಪಟ್ಟಿಗೆ ಹೋಯಿತು. ಆಗ 'ಖಬರ್ ಲಹರಿಯಾ'ದವರೇ ಒಂದು ಹೇಳಿಕೆ ಕೊಟ್ಟರು. ಚಿತ್ರ ಮನ ಮುಟ್ಟುವಂಥದ್ದು, ಆದರೆ ನಮ್ಮ ಸಂಸ್ಥೆ ಒಂದೇ ಪಕ್ಷದ ಬೆನ್ನು ಬಿದ್ದಂತೆ ತೋರಿಸಿರುವುದು ಸರಿಯಲ್ಲ ಎಂಬುದು ಅದರ ಸಾರ. ಚಿತ್ರದೊಳಗಿನವರು ಎದ್ದು ನಿಂತು ಮಾಡಿದವರಿಗೆ ಉತ್ತರ ಕೊಟ್ಟರು. ಯಾರು ಸರಿ ಎಂದು ತೀರ್ಪು ಕೊಡುವ ಮೊದಲು ಚಿತ್ರವನ್ನೂ ಹೇಳಿಕೆಯನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿ.

ಕಳೆದ ತಿಂಗಳು ನಾವು ಮೂವರು ಲ್ಯಾಪ್‌ಟಾಪ್ ಹಿಡಿದು ಅದೇ ಊರಿಗೆ ಹೋದೆವು. ಅಜ್ಜಿ ಇದ್ದಾರೆ. ಬೀಡಿ ಕಟ್ಟುವುದು ನಿಲ್ಲಿಸಿದ್ದಾರೆ, ಕಣ್ಣು ಮಂಜು. ಅಕ್ಕಪಕ್ಕದ ಮನೆಯವರೂ ಬಂದು ಜಗಲಿಯಲ್ಲಿ ಕುಳಿತರು. ನಮ್ಮ ಚಿತ್ರ ಹಾಕಿದೆವು. ಹನ್ನೆರಡು ನಿಮಿಷ ಯಾರೂ ಮಾತಾಡಲಿಲ್ಲ. ಮುಗಿದ ಮೇಲೆ ಅಜ್ಜಿ ಪಕ್ಕದವರನ್ನು ಕೇಳಿದರು, "ನಾನು ಆವತ್ತು ಅಷ್ಟೆಲ್ಲ ಹೇಳಿದ್ದೆನಲ್ಲ, ಅದು ಎಲ್ಲಿ?"

ಹಳೆಯ ಹಾರ್ಡ್ ಡಿಸ್ಕಿನಲ್ಲಿ ಆ ದಿನದ ಪೂರ್ತಿ ಫುಟೇಜ್ ಇನ್ನೂ ಇದೆ. ಈಗ ಅದನ್ನು ಮೊದಲಿನಿಂದ ಕೇಳಿ ಬರೆದುಕೊಳ್ಳುತ್ತಿದ್ದೇವೆ.