ದ್ರಾಕ್ಷಿ ಪಡದ ನಡುವಿನ ಗಡಿದಾರಿ

ನಮ್ಮ ಜತ್ತ ತಾಲೂಕಿನ ಪೂರ್ವ ಭಾಗದವರಿಗೆ ಎರಡು ವಿಷಯ ಯಾರೂ ಕಲಿಸಬೇಕಾಗಿಲ್ಲ. ಒಂದು ದ್ರಾಕ್ಷಿ, ಇನ್ನೊಂದು ಗಡಿ. ಬೆಳಿಗ್ಗೆ ಈ ರಾಜ್ಯದ ಪಡದಲ್ಲಿ ಔಷಧ ಹೊಡೆದು, ಮಧ್ಯಾಹ್ನ ಆ ರಾಜ್ಯದ ಸಂತೆ ಮಾಡಿ, ರಾತ್ರಿ ಊಟಕ್ಕೆ ಮನೆಗೆ ಬರುವ ಜನ ನಾವು. ಆದ್ದರಿಂದ ನಾನು ದೂರದ ಒಂದು ದ್ರಾಕ್ಷಿ ಸೀಮೆಯ, ಅಲ್ಲಿಯ ಒಂದು ಗಡಿಯ ಇತಿಹಾಸ ಬರೆದರೆ ಅದು ನಿಮಗೆ ಪರಊರಿನ ಸುದ್ದಿ ಅನಿಸಲಾರದು.

ನಿವೃತ್ತಿಯಾದ ಮೇಲೆ ಮಗಳ ಮನೆಗೆಂದು ಸ್ಪೇನ್ ದೇಶದ ಬಾರ್ಸಿಲೋನಕ್ಕೆ ಹೋಗಿದ್ದೆ. ಅವಳು, ಅಳಿಯ ಇಬ್ಬರೂ ಅಲ್ಲಿ ನೌಕರಿಯಲ್ಲಿದ್ದಾರೆ. ಮೂವತ್ತು ವರ್ಷ ಸೈಕಲ್ ಮೇಲೆ ಸಾಲಿಗೆ ಹೋಗಿ ಬಂದ ಮನುಷ್ಯ, ಫ್ಲ್ಯಾಟಿನೊಳಗ ಎಷ್ಟು ದಿನ ಕೂಡಬೇಕು? ನನ್ನ ಚಡಪಡಿಕೆ ನೋಡಿ ಅಳಿಯ ಸೆಪ್ಟೆಂಬರ್ ಕೊನೆಯ ವಾರ ಎರಡು ದಿನ ರಜೆ ಹಾಕಿದ. ರೈಲು ಹತ್ತಿ ಗಡಿ ದಾಟಿ ಫ್ರಾನ್ಸಿನ ಬನ್ಯುಲ್ಸ್ ಎಂಬ ಊರಿಗೆ ಹೋದೆವು. ಮೊದಲ ದಿನ ಸೈಕಲ್, ಎರಡನೆಯ ದಿನ ನಡಿಗೆ ಎಂದು ಗೊತ್ತು ಮಾಡಿದೆವು.

ಬನ್ಯುಲ್ಸ್ ಸಮುದ್ರದಂಡೆಯ ಸಣ್ಣ ಊರು. ಫ್ರಾನ್ಸು, ಸ್ಪೇನುಗಳ ನಡುವೆ ಗೋಡೆಯಂತೆ ನಿಂತ ಪೈರನೀಸ್ ಪರ್ವತ ನಡುಭಾಗದಲ್ಲಿ 3000 ಮೀಟರ್ ಮೀರುತ್ತದೆ. ಅದೇ ಪರ್ವತ ಪೂರ್ವಕ್ಕೆ ಬರುತ್ತಾ ತಗ್ಗಿ, ಈ ಊರಿನ ಹತ್ತಿರ ಸಮುದ್ರಕ್ಕೆ ಇಳಿದುಬಿಡುತ್ತದೆ. ಇಲ್ಲಿ ಗುಡ್ಡ ದಾಟುವ ಬನ್ಯುಲ್ಸ್ ಘಾಟಿನ ಎತ್ತರ ಸುಮಾರು 360 ಮೀಟರ್ ಅಷ್ಟೆ. ನಮ್ಮ ವಿಜಯಪುರವೇ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಲೆಕ್ಕಕ್ಕೆ ನೋಡಿದರೆ ನಾವು ದಿನಾ ಆ ಘಾಟಿಗಿಂತ ಎತ್ತರದಲ್ಲೇ ಬದುಕುತ್ತೇವೆ. ಇದೇ ಧೈರ್ಯದ ಮೇಲೆ ನಾನು ಬಾಡಿಗೆ ಸೈಕಲ್ ಹತ್ತಿದೆ. ಆದರೆ ಅಲ್ಲಿ ಏರು ಶುರುವಾಗುವುದು ಸಮುದ್ರದ ನೀರಿನಿಂದ. ಕೊನೆಯ ಏರಿನಲ್ಲಿ ಅಳಿಯ ಹಿಂದಿನಿಂದ "ಮಾವಾರ್ರ, ಇಳದು ನೂಕ್ಕೊಂಡ ಹೋಗೂಣ್ರಿ" ಅಂದ. ಇಳಿದೆ. ಅದರಲ್ಲಿ ನಾಚಿಕೆ ಏನಿಲ್ಲ.

ದಾರಿಯ ಎರಡೂ ಕಡೆ ದ್ರಾಕ್ಷಿಯೇ ದ್ರಾಕ್ಷಿ. ನಮ್ಮ ಹಾಗೆ ಕಂಬ, ತಂತಿ, ಮಂಟಪ ಇಲ್ಲ. ಮೊಳಕಾಲೆತ್ತರದ ಮೋಟು ಗಿಡಗಳು ತಮ್ಮ ಕಾಲ ಮೇಲೆ ತಾವೇ ನಿಂತಿರುತ್ತವೆ. ಮಣ್ಣು ಅನ್ನುವುದು ಕಡಿಮೆ, ಪದರು ಪದರಾಗಿ ಏಳುವ ಕರೀ ಕಲ್ಲೇ ಹೆಚ್ಚು. ಆ ಕಲ್ಲನ್ನೇ ಆಯ್ದು, ಗಾರೆ ಇಲ್ಲದೆ ಕಟ್ಟಿದ ಒಡ್ಡುಗಳು ಗುಡ್ಡದ ತುದಿಯವರೆಗೆ ಮೆಟ್ಟಿಲಿನಂತೆ ಏರುತ್ತವೆ. ಮಳೆ ಬಂದರೆ ಧಾರಾಕಾರ ಬರುತ್ತದೆ. ನೀರು ಒಡ್ಡು ಕಿತ್ತೊಯ್ಯದಿರಲೆಂದು ಓರೆಯಾಗಿ ಕಲ್ಲಿನ ಬಸಿಗಾಲುವೆ ಹಾಕಿ, ನಡುವೆ ಒಂದು ದೊಡ್ಡ ಕಾಲುವೆಗೆ ಕೂಡಿಸಿದ್ದಾರೆ. ಮೇಲಿನಿಂದ ನೋಡಿದರೆ ಕೋಳಿ ಪಾದದ ಹಾಗೆ ಕಾಣುತ್ತದೆ. ಅಲ್ಲಿಯವರು ಅದಕ್ಕೆ ಹೆಸರಿಟ್ಟದ್ದೂ ಹುಂಜದ ಪಾದ ಎಂದೇ. ಈ ಹಣ್ಣಿನಿಂದ ಆಗುವ ಸಿಹಿ ವೈನಿಗೆ ಊರಿನ ಹೆಸರೇ ಇದೆ, 1936ರಿಂದ ಆ ಹೆಸರಿಗೆ ಸರಕಾರಿ ರಕ್ಷಣೆಯೂ ಇದೆ. ಇಳಿಜಾರಿನಲ್ಲಿ ಯಂತ್ರ ನಡೆಯುವುದಿಲ್ಲ. ಇಂದಿಗೂ ಬಹಳಷ್ಟು ಕಡೆ ಕೈಯಿಂದಲೇ ಕೊಯ್ಲು.

ಇನ್ನು ಗಡಿಯ ಮಾತು. ಈ ಗುಡ್ಡದ ಎರಡೂ ಕಡೆಯ ಹಳೆಯ ಭಾಷೆ ಒಂದೇ, ಕತಲಾನ್. 1659ರ ನವೆಂಬರ್ 7ರಂದು ಫ್ರಾನ್ಸ್ ಮತ್ತು ಸ್ಪೇನ್ ರಾಜರ ನಡುವೆ ಪೈರನೀಸ್ ಒಪ್ಪಂದವಾಯಿತು. ಗುಡ್ಡದ ಉತ್ತರ ಭಾಗ ಫ್ರಾನ್ಸಿನ ಪಾಲಾಯಿತು. ಬನ್ಯುಲ್ಸಿನ ಜನರನ್ನು ಯಾರೂ ಕೇಳಲಿಲ್ಲ. ಪಶ್ಚಿಮದ ಒಂದು ಕಣಿವೆಯಲ್ಲಿ 33 ಹಳ್ಳಿಗಳನ್ನು ಫ್ರಾನ್ಸಿಗೆ ಕೊಟ್ಟಾಗ, ಯೀವಿಯಾ ಎಂಬ ಊರು ಮಾತ್ರ ತಾನು ಹಳ್ಳಿಯಲ್ಲ, ಪಟ್ಟಣ ಎಂಬ ಕಾರಣಕ್ಕೆ ಸ್ಪೇನಿನಲ್ಲೇ ಉಳಿಯಿತು. ಇಂದಿಗೂ ಅದು ಸುತ್ತ ಫ್ರಾನ್ಸ್ ಇರುವ ಸ್ಪೇನಿನ ನಡುಗಡ್ಡೆ. ಒಂದು ಶಬ್ದದ ಮೇಲೆ ಊರಿನ ಹಣೆಬರಹ ನಿಂತದ್ದು ಓದಿದಾಗ ನನಗೆ ನಗುವೂ ಬಂತು, ನಮ್ಮ ಕಡೆಯ ಆಯೋಗ, ವರದಿ, ನಕಾಶೆಗಳೂ ನೆನಪಾದವು. 1700ರಲ್ಲಿ ಹದಿನಾಲ್ಕನೇ ಲೂಯಿ ದೊರೆ ಕಾಗದಪತ್ರಗಳಲ್ಲಿ ಕತಲಾನ್ ಬಳಸಕೂಡದು, ಫ್ರೆಂಚಿನಲ್ಲೇ ಬರೆಯಬೇಕು ಎಂದು ಹುಕುಂ ಮಾಡಿದ. ಮುಂದೆ ಸಾಲಿಗಳಲ್ಲಿಯೂ ಅದೇ ನಡೆಯಿತು. ಆದರೂ 1793ರ ಡಿಸೆಂಬರದಲ್ಲಿ ಸ್ಪೇನಿನ ದಂಡು ಬಂದಾಗ ಬನ್ಯುಲ್ಸಿನ ಜನ ಇದೇ ಘಾಟಿನಲ್ಲಿ ಫ್ರಾನ್ಸಿನ ಪರ ನಿಂತು ಕಾದಿದರು. ಮನೆಯ ಮಾತು ಒಂದು, ನಿಷ್ಠೆಯ ನಾಡು ಇನ್ನೊಂದು. ಗಡಿಯವರನ್ನು ಅನುಮಾನದಿಂದ ನೋಡುವವರು ಇದನ್ನು ತಿಳಿಯಬೇಕು.

ಈ ತಗ್ಗು ಘಾಟುಗಳಿಗೆ ದೊಡ್ಡ ಪರೀಕ್ಷೆ ಬಂದದ್ದು 1939ರಲ್ಲಿ. ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪಕ್ಷ ಸೋತಿತು. ಜನವರಿ, ಫೆಬ್ರುವರಿಯ ಚಳಿಯಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಹೊತ್ತು ಈ ಗುಡ್ಡಗಳನ್ನು ದಾಟಿ ಫ್ರಾನ್ಸಿಗೆ ಬಂದರು. ಅವರಲ್ಲಿ ಅನೇಕರನ್ನು ಸಮುದ್ರದ ಉಸುಕಿನ ಮೇಲೆ ಮುಳ್ಳುತಂತಿ ಬಿಗಿದು ಇರಿಸಲಾಯಿತು. ಸ್ಪೇನಿನ ದೊಡ್ಡ ಕವಿ ಅಂತೋನಿಯೊ ಮಚಾದೊ ಮುದಿ ತಾಯಿಯೊಂದಿಗೆ ಹೀಗೆಯೇ ಬಂದು, ಬನ್ಯುಲ್ಸಿನ ಹತ್ತಿರದ ಕೋಲಿಯೂರ್ ಊರಿನಲ್ಲಿ ಫೆಬ್ರುವರಿ 22ರಂದು ತೀರಿಕೊಂಡ. ಮೂರು ದಿನಕ್ಕೆ ತಾಯಿಯೂ ಹೋದಳು.

ಒಂದೂವರೆ ವರ್ಷದಲ್ಲಿ ದಾರಿ ತಿರುವುಮುರುವಾಯಿತು. 1940ರ ಜೂನಿನಲ್ಲಿ ಫ್ರಾನ್ಸ್ ಜರ್ಮನಿಗೆ ಸೋತು ಒಪ್ಪಂದ ಮಾಡಿಕೊಂಡಿತು. ಹಿಟ್ಲರನ ಸರಕಾರ ಹೆಸರು ಹೇಳಿ ಕೇಳಿದ ಜರ್ಮನರನ್ನು ಹಿಡಿದು ಒಪ್ಪಿಸಬೇಕೆಂಬ ಕಲಮು ಅದರಲ್ಲಿತ್ತು. ಫ್ರಾನ್ಸಿನಲ್ಲಿ ಆಸರೆ ಪಡೆದಿದ್ದ ಯಹೂದಿಗಳು, ಹಿಟ್ಲರನ ವಿರೋಧಿಗಳು ಈಗ ಸ್ಪೇನಿನ ಮೂಲಕ ಪೋರ್ಚುಗಲ್ ಸೇರಿ ಹಡಗು ಹಿಡಿಯಬೇಕಿತ್ತು. ಆದರೆ ಫ್ರಾನ್ಸ್ ಬಿಡಲು ಅವರಿಗೆ ಪರವಾನಗಿ ಸಿಗುತ್ತಿರಲಿಲ್ಲ. ಆಗ ಬನ್ಯುಲ್ಸಿನ ಮೇಯರ್, ನಮ್ಮ ಲೆಕ್ಕದಲ್ಲಿ ಊರಿನ ಸರಪಂಚ, ವಿನ್ಸೆಂಟ್ ಅಜೇಮಾ ಎಂಬಾತ, ಲೀಸಾ ಫಿಟ್ಕೊ ಎಂಬ ನಿರಾಶ್ರಿತ ಹೆಣ್ಣುಮಗಳಿಗೆ ಕಾಗದದ ಮೇಲೆ ಒಂದು ದಾರಿ ಗೀಚಿ ಕೊಟ್ಟ. ಏಳು ಪೈನ್ ಮರ ಬಲಕ್ಕೆ ಇರಬೇಕು, ಆಮೇಲೆ ಒಂದು ದ್ರಾಕ್ಷಿ ಪಡ, ಅದನ್ನು ಏರಿದರೆ ಗುಡ್ಡದ ಬೆನ್ನು. ಇನ್ನೊಂದು ಮಾತೂ ಹೇಳಿದ: ನಸುಕಿನಲ್ಲಿ ಪಡಕ್ಕೆ ಹೋಗುವ ಕೂಲಿಯವರೊಳಗೆ ಬೆರೆತು ಹೋಗಿರಿ, ಮಾತಾಡಬೇಡಿರಿ.

1940ರ ಸೆಪ್ಟೆಂಬರ್ 25ರಂದು ಲೀಸಾ ಮೊದಲ ಸಲ ಜನರನ್ನು ಕರೆದುಕೊಂಡು ಆ ದಾರಿ ಹಿಡಿದಳು. ಒಬ್ಬ ಹೆಣ್ಣುಮಗಳು, ಅವಳ ಹರೆಯದ ಮಗ, ಮತ್ತು 48 ವರ್ಷದ ಜರ್ಮನ್ ಯಹೂದಿ ಲೇಖಕ ವಾಲ್ಟರ್ ಬೆನ್ಯಮಿನ್. ಆತನಿಗೆ ಹೃದಯದ ಬೇನೆ. ಕೈಯಲ್ಲಿ ಭಾರದ ಕಪ್ಪು ಚೀಲ. ಅದರೊಳಗಿನ ಹಸ್ತಪ್ರತಿ ತನ್ನ ಜೀವಕ್ಕಿಂತ ಮುಖ್ಯ ಎಂದು ಹೇಳುತ್ತಿದ್ದ. ಗಡಿಯಾರ ನೋಡಿ ಹತ್ತು ನಿಮಿಷ ನಡೆಯುವುದು, ಒಂದು ನಿಮಿಷ ನಿಲ್ಲುವುದು, ಇದು ಅವನ ಪದ್ಧತಿ. ಆ ದಿನ ದಾರಿ ನೋಡಿಕೊಂಡು ತಿರುಗಿ ಬರಬೇಕಿತ್ತು, ಆತ ಮಾತ್ರ ಮತ್ತೆ ಏರಲಾರೆನೆಂದು ರಾತ್ರಿ ಒಬ್ಬನೇ ಗುಡ್ಡದಲ್ಲೇ ಉಳಿದ. ಮರುದಿನ ಆ ಕಡಿದಾದ ಪಡದಲ್ಲಿ ಹಣ್ಣು ತುಂಬಿ ಜೋತಿದ್ದವು. ಅಲ್ಲಿ ಅವನ ಕಾಲು ಸೋತವು. ಲೀಸಾ ಮತ್ತು ಹುಡುಗ ಎರಡೂ ಹೆಗಲು ಕೊಟ್ಟು ಮೇಲಕ್ಕೆ ಎಳೆದರು.

ಎರಡನೆಯ ದಿನ ನಾವು ನಡೆದದ್ದು ಇದೇ ದಾರಿ. ಈಗ ಅದಕ್ಕೆ ಬೆನ್ಯಮಿನನ ಹೆಸರಿನ ಫಲಕಗಳಿವೆ. ಸುಮಾರು 15 ಕಿಲೋಮೀಟರ್, ಅತಿ ಎತ್ತರದ ಜಾಗ 550 ಮೀಟರ್ ಆಸುಪಾಸು. ನನ್ನ ಮೊಳಕಾಲಿಗೂ ಹತ್ತು ನಿಮಿಷ, ಒಂದು ನಿಮಿಷದ ಲೆಕ್ಕವೇ ಸರಿಹೋಯಿತು. ಪಡದಲ್ಲಿ ಕೊಯ್ಯುತ್ತಿದ್ದ ಮುದುಕನೊಬ್ಬ ಮಾತಿಲ್ಲದೆ ಒಂದು ಗೊನೆ ಕೈಗಿಟ್ಟ. ನಮ್ಮ ಕಡೆಯೂ ದಾರಿಹೋಕರಿಗೆ ಹೀಗೇ ಕೊಡುತ್ತಾರಲ್ಲ. ಗುಡ್ಡದ ಬೆನ್ನು ಮುಟ್ಟಿದಾಗ ಎರಡೂ ಕಡೆ ಸಮುದ್ರ ಕಂಡಿತು. ನೆಲದ ಮೇಲೆ ಯಾವ ಗೆರೆಯೂ ಇರಲಿಲ್ಲ.

ಬೆನ್ಯಮಿನ್ ಸ್ಪೇನಿನ ಪೋರ್ಟ್‌ಬೊವು ಊರಿಗೆ ಇಳಿದ. ಅಲ್ಲಿಯ ಪೊಲೀಸರು ಫ್ರಾನ್ಸ್ ಬಿಟ್ಟ ಪರವಾನಗಿ ಇಲ್ಲ, ತಿರುಗಿ ಕಳಿಸುತ್ತೇವೆ ಅಂದರು. ತಿರುಗಿ ಹೋದರೆ ಏನಾಗುವುದೆಂದು ಅವನಿಗೆ ಗೊತ್ತಿತ್ತು. ಸೆಪ್ಟೆಂಬರ್ 26ರ ರಾತ್ರಿ ಒಂದು ಹೋಟೆಲಿನ ಕೋಣೆಯಲ್ಲಿ, ತಂದಿದ್ದ ಮಾರ್ಫಿನ್ ನುಂಗಿದನೆಂದು ಹೇಳುತ್ತಾರೆ. ಜೊತೆಗೆ ಬಂದವರನ್ನು ಆಮೇಲೆ ಮುಂದಕ್ಕೆ ಬಿಟ್ಟರು. ಅವನ ಹೆಸರು, ಅಡ್ಡಹೆಸರು ಅದಲುಬದಲಾಗಿ ದಾಖಲಾದವು. ಯಹೂದಿಯನ್ನು ಕ್ಯಾಥೊಲಿಕರ ಸ್ಮಶಾನದಲ್ಲಿ, ಐದು ವರ್ಷದ ಬಾಡಿಗೆಯ ಜಾಗದಲ್ಲಿ ಇಟ್ಟರು. ನಮ್ಮ ಸಾತ್‌ಬಾರಾ ಉತಾರೆಯೊಳಗ ಅಜ್ಜನ ಹೆಸರು ತಪ್ಪಾದದ್ದನ್ನು ತಿದ್ದಿಸಲು ಓಡಾಡಿದವನು ನಾನು. ಬರವಣಿಗೆಯ ತಪ್ಪು ಎಷ್ಟು ದೂರ ಹೋಗಬಹುದೆಂದು ಆ ಸ್ಮಶಾನದಲ್ಲಿ ನಿಂತಾಗ ತಿಳಿಯಿತು. ಸತ್ತವನ ಸಾಮಾನಿನ ಪಟ್ಟಿಯಲ್ಲಿ ಗಡಿಯಾರ ಇತ್ತು, ಚೀಲವಿತ್ತು. ಹಸ್ತಪ್ರತಿ ಇಂದಿಗೂ ಸಿಕ್ಕಿಲ್ಲ. ಸ್ಮಶಾನದ ಪಕ್ಕ 1994ರಲ್ಲಿ ದಾನಿ ಕರವಾನ್ ಎಂಬ ಶಿಲ್ಪಿ ಕಬ್ಬಿಣದ ಒಂದು ಇಳಿಮೆಟ್ಟಿಲು ಕಟ್ಟಿದ್ದಾನೆ. ಇಳಿಯುತ್ತಾ ಹೋದರೆ ಕೊನೆಗೆ ಗಾಜು, ಅದರಾಚೆ ಸಮುದ್ರ.

ಲೀಸಾ ಅಲ್ಲಿಗೆ ನಿಲ್ಲಿಸಲಿಲ್ಲ. ಅವಳು, ಗಂಡ ಹ್ಯಾನ್ಸ್ ಕೂಡಿ 1941ರ ವಸಂತದವರೆಗೆ ಬನ್ಯುಲ್ಸಿನಲ್ಲಿದ್ದು ಜನರನ್ನು ದಾಟಿಸಿದರು. ಅಜೇಮಾನನ್ನು ಸರಕಾರ ಮೇಯರ್ ಸ್ಥಾನದಿಂದ ತೆಗೆಯಿತು. ಆದರೂ ದಾರಿ ಮುಚ್ಚಲಿಲ್ಲ. ಪ್ರತಿ ನಸುಕಿನಲ್ಲಿ ಬುಟ್ಟಿ, ಸಲಿಕೆ ಹಿಡಿದು ಪಡಕ್ಕೆ ಹೊರಟ ಆ ಕೂಲಿಯವರಿಗೆ ತಮ್ಮ ನಡುವೆ ಅಪರಿಚಿತರು ನಡೆಯುತ್ತಿರುವುದು ಕಾಣುತ್ತಿರಲಿಲ್ಲವೆ? ಕಾಣುತ್ತಿತ್ತು. ಅವರು ತಮ್ಮ ಪಾಡಿಗೆ ತಾವು ನಡೆದರು. ಅವರ ಹೆಸರು ಯಾವ ಫಲಕದ ಮೇಲೂ ನಾನು ಕಾಣಲಿಲ್ಲ.

2021ರ ಜನವರಿಯಲ್ಲಿ ಫ್ರಾನ್ಸ್ ಆಡಳಿತ ಬನ್ಯುಲ್ಸ್ ಘಾಟಿಗೆ ಅಡ್ಡಲಾಗಿ ಬಂಡೆಗಲ್ಲು ಹಾಕಿಸಿತ್ತು. ಎರಡೂ ಕಡೆಯ ಊರವರು ಸೇರಿ ಮತ್ತೆ ಮತ್ತೆ ಆ ಕಲ್ಲು ಸರಿಸಿದರು. ಈಗ ದಾರಿ ತೆರೆದಿದೆ. ನಾವು ಸೈಕಲ್ ನೂಕಿಕೊಂಡು ದಾಟಿದಾಗ ಯಾರೂ ಏನೂ ಕೇಳಲಿಲ್ಲ.

ನಮ್ಮೂರಿಂದಲೂ ಆಚೆಗೆ ಹೋಗುವ ಹಳೆಯ ಬಂಡಿದಾರಿಗಳಿವೆ. 72ರ ಬರದೊಳಗ ಯಾರು ಯಾವ ದಾರಿಯಿಂದ ಬಂದರು, ಯಾರ ಮನೆಯ ರೊಟ್ಟಿ ತಿಂದರು ಎಂದು ಹೇಳುವ ಹಿರಿಯರು ಇನ್ನೂ ಕಟ್ಟೆಯ ಮೇಲೆ ಕುಳಿತಿದ್ದಾರೆ. ಮಾಸ್ತರರು ಮಕ್ಕಳ ಕೈಗೆ ವಹಿ ಕೊಟ್ಟು ಅವರ ಹತ್ತಿರ ಕಳಿಸಬೇಕು. ದಾರಿಯ ಹೆಸರು, ನಡೆದವರ ಹೆಸರು, ದಾರಿ ತೋರಿಸಿದವರ ಹೆಸರು ಬರೆದು ತರಲಿ. ಆ ವಹಿಗಳನ್ನಿಡಲು ನಮ್ಮ ವಾಚನಾಲಯದಲ್ಲಿ ಒಂದು ಕಪಾಟು ಖಾಲಿ ಇದೆ.