ಶಿವನಸಮುದ್ರದ ಕರೆಂಟು, ಮಧುವನಹಳ್ಳಿಯ ಟಿ.ಸಿ.

ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಕವಲೊಡೆಯುತ್ತಾಳೆ. ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತದೆ. ಭರಚುಕ್ಕಿ ಕೊಳ್ಳೇಗಾಲದ ಕಡೆಗಿದ್ದರೆ, ಗಗನಚುಕ್ಕಿಯ ಎಡದಂಡೆ ಮಳವಳ್ಳಿ ಸೀಮೆಗೆ ಸೇರಿದ್ದು. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಈ ಎರಡು ದಂಡೆಗಳನ್ನು ಆಳುತ್ತಿದ್ದ ಸರ್ಕಾರಗಳೇ ಬೇರೆ. ಮಳವಳ್ಳಿ ಮೈಸೂರು ಸಂಸ್ಥಾನದ್ದು. ಕೊಳ್ಳೇಗಾಲ, ಅದರ ಜೊತೆಗೆ ಹನೂರಿನ ದಾರಿಯ ಮಧುವನಹಳ್ಳಿ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯವು.

ಮೈಸೂರಿನ ದಂಡೆಯಲ್ಲಿ 1902ರ ಜೂನ್ 30ರಂದು ವಿದ್ಯುದಾಗಾರ ಶುರುವಾಯಿತು. ಯೋಜನೆ ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯೇರ್ ಅವರದು, ಅದರ ಬೆನ್ನಿಗೆ ನಿಂತವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಅಯ್ಯರ್ 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರಿಂದ ಚಕ್ರ ತಿರುಗಿದ್ದನ್ನು ಕಾಣಲಿಲ್ಲ. ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯವು, ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಮೊದಲ ಹಂತದಲ್ಲಿ ತಲಾ 720 ಕಿಲೋವ್ಯಾಟ್‌ನ ಆರು ಯಂತ್ರಗಳಿದ್ದವು. ಇದನ್ನು ಏಷ್ಯಾದ ಮೊದಲ ಜಲವಿದ್ಯುದಾಗಾರ ಎನ್ನುವ ರೂಢಿಯುಂಟು. ಅದು ಸರಿಯಲ್ಲ: ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ, ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ನೀರಿನಿಂದ ಕರೆಂಟು ತೆಗೆದಿದ್ದರು. ಶಿವನಸಮುದ್ರದ ಹೆಚ್ಚುಗಾರಿಕೆ ಬೇರೆಯದು. ಇಲ್ಲಿಯ ವಿದ್ಯುತ್ತು 92 ಮೈಲಿ ಆಚೆ, ಕೋಲಾರದ ಚಿನ್ನದ ಗಣಿಗೆ ಹೋಯಿತು.

ಅಷ್ಟು ದೂರದ ಸಾಗಣೆಯ ಹಿಂದೆ ಎರಡು ಹಳೆಯ ಪ್ರಯೋಗಗಳಿವೆ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುವುದನ್ನು 1820ರಲ್ಲಿ ಅರ್ಸ್ಟೆಡ್ ಕಂಡರು. ಪ್ರವಾಹದ ಸುತ್ತ ಕಾಂತಕ್ಷೇತ್ರ ಇರುತ್ತದೆ ಎಂಬುದು ಇದರಿಂದ ತಿಳಿಯಿತು. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂದು 1831ರಲ್ಲಿ ಫ್ಯಾರಡೆ ತೋರಿಸಿದರು. ಜನರೇಟರಿನಲ್ಲಿ ನಡೆಯುವುದು ಇದೇ. ಸುಮಾರು 400 ಅಡಿ ಎತ್ತರದಿಂದ ಕೊಳವೆಯಲ್ಲಿ ಇಳಿದ ನೀರು ಟರ್ಬೈನನ್ನು ತಿರುಗಿಸುತ್ತದೆ, ಅದರೊಂದಿಗೆ ಜನರೇಟರೂ ತಿರುಗುತ್ತದೆ. ತಾಮ್ರದ ಸುರುಳಿಗಳಲ್ಲಿ ಕ್ಷಣಕ್ಷಣಕ್ಕೆ ದಿಕ್ಕು ಬದಲಿಸುವ ಪ್ರವಾಹ ಹುಟ್ಟುತ್ತದೆ.

ಆದರೆ ಹುಟ್ಟಿದ ಪ್ರವಾಹ ಸುಮ್ಮನೆ ಹೊರಟುಹೋಗುವುದಿಲ್ಲ. ಅದಕ್ಕೂ ತನ್ನದೇ ಕಾಂತಕ್ಷೇತ್ರವಿರುತ್ತದೆ. ಅದು ತಿರುಗುವ ಯಂತ್ರವನ್ನು ಹಿಂದಕ್ಕೆ ಎಳೆಯುತ್ತದೆ. ಕೋಲಾರದಲ್ಲಿ ಅದಿರು ಕುಟ್ಟುವ ಯಂತ್ರಗಳನ್ನು ಚಾಲೂ ಮಾಡಿದರೆ ಮೋಟಾರುಗಳು ಹೆಚ್ಚು ಪ್ರವಾಹ ಎಳೆಯುತ್ತವೆ. ಒಡನೆಯೇ ಶಿವನಸಮುದ್ರದ ಯಂತ್ರ ಭಾರವಾಗಿ ಅದರ ವೇಗ ಕುಂದುತ್ತದೆ. ಇದನ್ನು ಹಿಡಿಯುವ ಗವರ್ನರ್ ಎಂಬ ವೇಗನಿಯಂತ್ರಕ ನೀರಿನ ಬಾಯನ್ನು ಇನ್ನಷ್ಟು ತೆರೆಯುತ್ತದೆ. ಈ ಸುದ್ದಿ ಮುಟ್ಟಿಸುವುದು ನಡುವಿನ ತಂತಿಯೇ.

ತಂತಿಯ ಮೇಲೆ ಕಳುಹಿಸಿದ್ದು ಸುಮಾರು 35,000 ವೋಲ್ಟ್ ಒತ್ತಡದಲ್ಲಿ. ಕಾರಣ ಸರಳ ಲೆಕ್ಕ. ಸಾಗಿಸುವ ಶಕ್ತಿ ಅಷ್ಟೇ ಇದ್ದು ಒತ್ತಡ ಹೆಚ್ಚಾದರೆ ಪ್ರವಾಹ ಕಡಿಮೆಯಾಗುತ್ತದೆ. ತಂತಿ ಕಾದು ಪೋಲಾಗುವ ಶಕ್ತಿಯೋ ಪ್ರವಾಹದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಉದಾಹರಣೆಗೆ, ಅದೇ ತಂತಿಯಲ್ಲಿ 2,200 ವೋಲ್ಟ್‌ನಲ್ಲಿ ಕಳುಹಿಸಿದ್ದರೆ ಪ್ರವಾಹ 16 ಪಟ್ಟು, ಪೋಲು ಸುಮಾರು 250 ಪಟ್ಟು ಆಗುತ್ತಿತ್ತು. 3,000 ಕಿಲೋವ್ಯಾಟನ್ನು 35,000 ವೋಲ್ಟ್‌ನ ಮೂರು ಫೇಸಿನ ಲೈನಿನಲ್ಲಿ ಕಳುಹಿಸಲು ಪ್ರತಿ ತಂತಿಯಲ್ಲಿ 50 ಆಂಪಿಯರ್ ಸಾಕು. ಅಂಥ ಒಂದೇ ತಂತಿಯಿಂದ ಎಂಟು ಮೀಟರ್ ಕೆಳಗೆ ನಿಂತವರಿಗೆ ತಟ್ಟುವ ಕಾಂತಕ್ಷೇತ್ರ ಸುಮಾರು 1.25 ಮೈಕ್ರೋಟೆಸ್ಲಾ. ಭೂಮಿಯ ಕಾಂತಕ್ಷೇತ್ರ ಇಲ್ಲಿ ಅದರ ಮೂವತ್ತು ಪಟ್ಟಿನಷ್ಟಿದೆ. ಮೂರೂ ತಂತಿಗಳು ಸೇರಿದರೆ ಒಂದರದನ್ನು ಇನ್ನೊಂದು ಬಹುಪಾಲು ಅಳಿಸಿಬಿಡುತ್ತದೆ. ಒಂದು ಮೀಟರ್ ಅಂತರದ ಎರಡು ತಂತಿಗಳು ಒಂದನ್ನೊಂದು ಸೆಳೆಯುವ ಅಥವಾ ತಳ್ಳುವ ಬಲವಂತೂ ಮೀಟರಿಗೆ 50 ಮಿಲಿಗ್ರಾಂ ತೂಕದಷ್ಟು, ಅಂದರೆ ಲೆಕ್ಕಕ್ಕೇ ಇಲ್ಲ. ಇದೇ ನಿಯಮ ಯಂತ್ರದ ಒಳಗೆ ಟನ್ನುಗಟ್ಟಲೆ ಕಬ್ಬಿಣವನ್ನು ಹಿಂದಕ್ಕೆ ಎಳೆಯುವುದು, ಸುರುಳಿಯ ಸುತ್ತುಗಳೂ ಕಬ್ಬಿಣದ ತಿರುಳೂ ಕ್ಷೇತ್ರವನ್ನು ಒಂದೆಡೆ ಗುಡ್ಡೆಹಾಕುವುದರಿಂದ.

ಲೈನಿನಲ್ಲಿ ಎಚ್ಚರ ಬೇಕಾದದ್ದು ವಿದ್ಯುತ್ ಕ್ಷೇತ್ರಕ್ಕೆ. ಒಣ ಗಾಳಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ತಾಳುತ್ತದೆ. ಅದನ್ನು ಮೀರಿದರೆ ಕಿಡಿ ಹಾರುತ್ತದೆ. ತಂತಿಗೂ ಕಂಬಕ್ಕೂ ನಡುವೆ ಪಿಂಗಾಣಿಯ ಇನ್ಸುಲೇಟರ್ ಇರುವುದು ಅದಕ್ಕಾಗಿಯೇ. ಮಳೆಯಲ್ಲಿ ಮೈಯೆಲ್ಲ ನೆನೆಯದಿರಲಿ, ವಿದ್ಯುತ್ತು ಹರಿದು ಹೋಗುವ ಹಾದಿ ಉದ್ದವಾಗಲಿ ಎಂದೇ ಅದಕ್ಕೆ ಕೊಡೆಯಂಥ ಮಡಿಕೆಗಳು.

ಈ ವ್ಯವಸ್ಥೆ ಹಳ್ಳಿಗೆಂದು ಕಟ್ಟಿದ್ದಲ್ಲ. ದಿಕ್ಕು ಬದಲಿಸುವ ಪ್ರವಾಹಕ್ಕೆ ಸೆಕೆಂಡಿಗೆ 25 ಆವರ್ತ ಎಂಬ ಆಯ್ಕೆಯೂ ಅದನ್ನೇ ಹೇಳುತ್ತದೆ: ದೊಡ್ಡ ಮೋಟಾರಿಗೆ ಅದು ಒಗ್ಗುತ್ತದೆ, ದೀಪದಲ್ಲಿ ಮಿನುಗು ಕಣ್ಣಿಗೆ ಬೀಳುತ್ತದೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. 35,000 ವೋಲ್ಟ್ ತಂತಿಗೆ ಮನೆಯ ದೀಪವನ್ನು ನೇರವಾಗಿ ಸಿಕ್ಕಿಸಲಾಗದು. ಒತ್ತಡ ಇಳಿಸುವ ಟ್ರಾನ್ಸ್‌ಫಾರ್ಮರ್, ಅದನ್ನು ನೋಡಿಕೊಳ್ಳುವ ಜನ, ಅದರ ಖರ್ಚು ಹೊರುವಷ್ಟು ಬಳಕೆ, ಎಲ್ಲ ಬೇಕು. ಕೊಳ್ಳೇಗಾಲದ ಮಗ್ಗದ ಮನೆಗಳ ದೀಪ ಎಷ್ಟು ಕರೆಂಟು ಕುಡಿದೀತು? ಗಣಿಯ ಗಿರಾಕಿಯ ಮುಂದೆ ಅದು ಏನೂ ಅಲ್ಲ. ಅದರ ಮೇಲೆ ನಡುವೆ ಸರ್ಕಾರದ ಗಡಿ ಬೇರೆ.

ಬೇಸಿಗೆಯಲ್ಲಿ ನದಿ ಸೊರಗಿದರೆ ಗಣಿಗೂ ಕರೆಂಟು ಸಾಲುತ್ತಿರಲಿಲ್ಲ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಒಂದು. ಆ ಕಟ್ಟೆಯಿಂದಲೇ ಮದ್ರಾಸಿನೊಂದಿಗೆ ಕಾವೇರಿ ನೀರಿನ ಜಗಳ ಬೆಳೆದು 1924ರ ಒಪ್ಪಂದದವರೆಗೆ ಹೋಯಿತು. ನಡುವಿನ ಗಡಿ ಅಳಿದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ.

ಈಗ ಮಧುವನಹಳ್ಳಿಯಂಥ ಊರಿಗೆ ಕರೆಂಟು ಬರುವುದು ಸಾಮಾನ್ಯವಾಗಿ 11,000 ವೋಲ್ಟ್ ಲೈನಿನಲ್ಲಿ. ರೈತರು ಟಿ.ಸಿ. ಎನ್ನುವ ಟ್ರಾನ್ಸ್‌ಫಾರ್ಮರ್ ಅದನ್ನು ಪಂಪ್‌ಸೆಟ್ಟಿಗೆ 400 ವೋಲ್ಟ್ ಆಸುಪಾಸಿಗೆ, ಮನೆಗೆ 230ಕ್ಕೆ ಇಳಿಸುತ್ತದೆ. ಒಳಗೆ ತಿರುಗುವ ಭಾಗವೇ ಇಲ್ಲ. ಒಂದು ಸುರುಳಿಯ ಪ್ರವಾಹ ಕಬ್ಬಿಣದ ತಿರುಳಿನಲ್ಲಿ ಕಾಂತಕ್ಷೇತ್ರವನ್ನು ಏರಿಸಿ ಇಳಿಸುತ್ತದೆ, ಕಡಿಮೆ ಸುತ್ತುಗಳ ಇನ್ನೊಂದು ಸುರುಳಿಯಲ್ಲಿ ಕಡಿಮೆ ಒತ್ತಡ ಹುಟ್ಟುತ್ತದೆ. ಒಂದೇ ಟಿ.ಸಿ.ಗೆ ಲೆಕ್ಕ ಮೀರಿ ಮೋಟಾರು ಜೋಡಿಸಿದರೆ ಸುರುಳಿ ಕಾದು, ನಿರೋಧಕ ಹೊದಿಕೆ ಕರಕಲಾಗಿ ಸುಟ್ಟುಹೋಗುತ್ತದೆ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟಾಗುವ ಆ ವರ್ಗದ ಲೆಕ್ಕ ಇಲ್ಲಿಯೂ ತಪ್ಪುವುದಿಲ್ಲ.