ಮಿರ್ಚಿ ಭಜಿ ತಿಂದರೆ ಕಾಲಿನ ಸ್ವಾಧೀನ ಹೋಗುತ್ತದೆಯೇ? ಕೇಸರಿ ಬೇಳೆಯ ನಿಜ ತಿಳಿಯಿರಿ

“ಕಡಲೆ ಹಿಟ್ಟಿಗೆ ವಿಷದ ಬೇಳೆ ಬೆರೆಸುತ್ತಿದ್ದಾರೆ, ಭಜಿ ತಿಂದರೆ ಕಾಲು ಹೋಗುತ್ತದೆ!” ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ರೋಣ, ನರಗುಂದ, ಗಜೇಂದ್ರಗಡದ ಎರೆ ಹೊಲಗಳಲ್ಲಿ ಹಿಂಗಾರಿಗೆ ಕಡಲೆ ಬೆಳೆಯುತ್ತಾರೆ. ಸಂಜೆಯಾದರೆ ಗಿರ್ಮಿಟ್ ಜೊತೆ ಮಿರ್ಚಿ ಭಜಿ ಬೇಕೇ ಬೇಕು. ಹಾಗಾಗಿ ಈ ಮಾತಿನಲ್ಲಿ ಎಷ್ಟು ನಿಜ ಎಂದು ನಾವು ನೋಡಿದೆವು. ಅರ್ಧ ನಿಜ, ಇನ್ನರ್ಧ ಬರೀ ಭಯ.

ಯಾವುದು ಈ ಬೇಳೆ?

ಕೇಸರಿ ಬೇಳೆ. ಮಳೆ ಕೈಕೊಟ್ಟರೂ ಬೆಳೆಯುವ ಕಾಳು. ಒಡೆದರೆ ತೊಗರಿ ಬೇಳೆ, ಕಡಲೆ ಬೇಳೆಯಂತೆ ಕಾಣುತ್ತದೆ. ಬೆಲೆ ಕಡಿಮೆ ಇರುವುದರಿಂದ ಕಲಬೆರಕೆಗೆ ಬಳಸುತ್ತಾರೆ. ಭಾರತದಲ್ಲಿ 1961ರಲ್ಲೇ ಇದರ ಮಾರಾಟ ನಿಷೇಧಿಸಲಾಯಿತು. ಹೆಸರು ಕೇಳಿ ಕೇಸರಿ ಬಣ್ಣದ ಮಸೂರ ಬೇಳೆ ಎಂದುಕೊಳ್ಳಬೇಡಿ. ಅದು ಬೇರೆ, ಅದನ್ನು ತಿನ್ನಬಹುದು.

ನರಗಳಿಗೆ ಏನಾಗುತ್ತದೆ?

1964ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ ಅವರು ಈ ಕಾಳಿನಿಂದ ಒಂದು ವಿಷವನ್ನು ಬೇರ್ಪಡಿಸಿದರು. ಅದೊಂದು ಅಮೈನೋ ಆಮ್ಲ. ಹೆಸರು ಓಡಿಎಪಿ, ಬಿಓಎಎ ಎಂದೂ ಕರೆಯುತ್ತಾರೆ. ಅಮೈನೋ ಆಮ್ಲಗಳು ಸಾಮಾನ್ಯವಾಗಿ ದೇಹಕ್ಕೆ ಬೇಕಾದವೇ. ಆದರೆ ಇದು ಮಿದುಳಿನ ಸಂದೇಶವಾಹಕ ಗ್ಲುಟಮೇಟ್‌ನ ವೇಷ ಹಾಕುತ್ತದೆ. ನಕಲಿ ಕೀಲಿಯಂತೆ ನರಕೋಶದ ಬೀಗಕ್ಕೆ ಹೊಂದಿಕೊಂಡು ಅದನ್ನು ಅತಿಯಾಗಿ ಕೆರಳಿಸುತ್ತದೆ.

1990ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ ಇಲಿಗಳ ಮೇಲೆ ಪ್ರಯೋಗ ಮಾಡಿತು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಒಂದು ಕಿಣ್ವವನ್ನು ಈ ವಿಷ ದುರ್ಬಲಗೊಳಿಸುತ್ತದೆ ಎಂದು ಗೊತ್ತಾಯಿತು. ಚಲನೆ ನಿಯಂತ್ರಿಸುವ ಮಿದುಳಿನ ಭಾಗ ಮತ್ತು ಬೆನ್ನುಹುರಿಯ ಕೆಳಭಾಗಕ್ಕೆ ಹೆಚ್ಚು ಪೆಟ್ಟು. ಕೈಗಿಂತ ಕಾಲು ಸೋಲುವುದು ಇದಕ್ಕೇ. ಈ ಕಾಯಿಲೆಯೇ ಲ್ಯಾಥಿರಿಸಂ.

ಹಾಗಾದರೆ ಭಜಿ ಬಿಡಬೇಕೇ?

ಬೇಡ. ಇಲಿಗೆ ಕೊಟ್ಟದ್ದು ಬೇರ್ಪಡಿಸಿದ ವಿಷವನ್ನು, ಒಂದು ಪ್ಲೇಟ್ ಭಜಿಯನ್ನಲ್ಲ. ಮನುಷ್ಯರಲ್ಲಿ ಈ ಕಾಯಿಲೆ ಕಂಡದ್ದು ಬರಗಾಲದಲ್ಲಿ ಬೇರೇನೂ ಸಿಗದೆ, ಎರಡು ಮೂರು ತಿಂಗಳು ಇದೇ ಕಾಳನ್ನು ಮುಖ್ಯ ಊಟ ಮಾಡಿಕೊಂಡವರಲ್ಲಿ. ಮಧ್ಯಪ್ರದೇಶದ ರೀವಾ ಭಾಗದಲ್ಲಿ ಹೀಗಾಗಿತ್ತು. ಆದರೆ ಒಮ್ಮೆ ಕಾಲು ಸೆಟೆದುಕೊಂಡರೆ ಸಾಮಾನ್ಯವಾಗಿ ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ಕಲಬೆರಕೆಯನ್ನು ಹಗುರವಾಗಿ ನೋಡುವಂತಿಲ್ಲ.

ನೀವು ಏನು ಮಾಡಬಹುದು?

• ಇಡೀ ಕಡಲೆ ಕೊಂಡು, ಆರಿಸಿ, ಗಿರಣಿಯಲ್ಲಿ ಬೀಸಿಸಿ. ಕೇಸರಿ ಕಾಳು ದುಂಡಗಿರದೆ, ಮೂಲೆ ಮೂಲೆಯಾಗಿ ಬೆಣೆಯಂತಿರುತ್ತದೆ.
• ಬಿಡಿ ಹಿಟ್ಟು ತೀರಾ ಅಗ್ಗಕ್ಕೆ ಸಿಕ್ಕರೆ ಎಚ್ಚರ.
• ಅನುಮಾನ ಬಂದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

ನಮ್ಮ ತೀರ್ಮಾನ: ಕೇಸರಿ ಬೇಳೆಯಲ್ಲಿ ನರಗಳಿಗೆ ವಿಷ ಇರುವುದು ನಿಜ. ಒಂದು ದಿನದ ಭಜಿಯಿಂದ ಕಾಲು ಹೋಗುತ್ತದೆ ಎಂಬುದು ಸುಳ್ಳು. ಫಾರ್ವರ್ಡ್ ಮಾಡುವುದಾದರೆ ಎರಡನ್ನೂ ಸೇರಿಸಿ ಮಾಡಿ.